ಸೈಕಲ್ ಲೇನೋ, ರಸ್ತೆಯೋ: ಬೆಂಗಳೂರಿನಲ್ಲಿ ನಾನು ಜಾಗ ಆರಿಸುವ ಬಗೆ

ಲೇನ್ ಇದ್ದ ಮೇಲೆ ಅದರಲ್ಲೇ ಹೋಗಬೇಕು ಅನ್ನುವವರಿದ್ದಾರೆ, ಲೇನಿನ ಸಹವಾಸವೇ ಬೇಡ ಅನ್ನುವವರೂ ಇದ್ದಾರೆ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೈಕಲ್ಲಿನಲ್ಲೇ ಹೋಗಿ ಬರುವ ನಾನು ಇಡೀ ದಾರಿಗೆ ಒಂದೇ ಉತ್ತರ ಇಟ್ಟುಕೊಂಡಿಲ್ಲ. ಒಂದು ಜಂಕ್ಷನ್‌ನಿಂದ ಇನ್ನೊಂದು ಜಂಕ್ಷನ್‌ವರೆಗೆ ಒಂದು ತುಂಡು. ಪ್ರತಿ ತುಂಡಿಗೂ ಬೇರೆ ತೀರ್ಮಾನ. ನೋಡುವುದು ಎರಡು ಸಂಗತಿ: ನನ್ನ ವೇಗಕ್ಕೂ ಪಕ್ಕದ ವಾಹನಗಳ ವೇಗಕ್ಕೂ ಎಷ್ಟು ಅಂತರ, ಎಡಗಡೆಯಿಂದ ಎಷ್ಟು ಗೇಟು, ಅಡ್ಡರಸ್ತೆ, ಬಸ್ ಸ್ಟಾಪು ಬಂದು ಸೇರುತ್ತವೆ.

ಮೊದಲು ಗೇಟಿನ ವಿಷಯ, ಯಾಕೆಂದರೆ ಲೇನಿನಲ್ಲಿ ಪೆಟ್ಟಾಗುವುದು ಹೆಚ್ಚಾಗಿ ಅಲ್ಲೇ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಸೈಕಲ್ ಸೆಕೆಂಡಿಗೆ ಸುಮಾರು 7 ಮೀಟರ್ ಓಡುತ್ತದೆ. ಕಣ್ಣು ಕಂಡು ಕೈ ಬ್ರೇಕ್ ಹಿಡಿಯುವಷ್ಟರಲ್ಲಿ ಒಂದು ಸೆಕೆಂಡ್, ಅಂದರೆ 7 ಮೀಟರ್ ಹೋಯಿತು. ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕ್ ಇದ್ದರೂ ನಿಲ್ಲಲು ಇನ್ನೊಂದು 6 ಮೀಟರ್ ಬೇಕು. ಒಟ್ಟು 13. ಅದೇ 15 ಕಿ.ಮೀ. ವೇಗದಲ್ಲಿದ್ದರೆ ಆರೂವರೆ ಮೀಟರ್ ಸಾಕು. ಫುಟ್‌ಪಾತಿಗೆ ಅಂಟಿಕೊಂಡ ಲೇನಿನಲ್ಲಿ ಕಾಂಪೌಂಡ್ ಗೋಡೆಯೋ ನಿಂತ ಟೆಂಪೋವೋ ಅಡ್ಡ ಇದ್ದರೆ, ಗೇಟಿನಿಂದ ಹೊರಬರುವ ಕಾರಿನ ಮೂತಿ ಕಾಣುವುದೇ ಆರೇಳು ಮೀಟರ್ ದೂರದಲ್ಲಿ. ಹಾಗಾಗಿ ಅಂಥ ಲೇನಿನಲ್ಲಿ 15ಕ್ಕಿಂತ ಮೇಲೆ ತುಳಿಯುವುದಿಲ್ಲ. 25ರಲ್ಲಿ ಹೋಗಲೇಬೇಕಾದ ದಿನ ಲೇನ್ ಬಿಟ್ಟು ರಸ್ತೆಗಿಳಿಯುತ್ತೇನೆ. ಅಲ್ಲಿ ಗೇಟಿನವರಿಗೆ ನಾನೂ, ನನಗೆ ಅವರೂ ಬೇಗ ಕಾಣುತ್ತೇವೆ. ಬೆಂಗಳೂರಿನ ಒಳರಸ್ತೆಗಳಲ್ಲಿ ವಾಹನಗಳೂ ಹೆಚ್ಚುಕಡಿಮೆ ಅದೇ ವೇಗದಲ್ಲಿ ಇರುತ್ತವೆ, ಆದ್ದರಿಂದ ಅವುಗಳ ನಡುವೆ ಸೇರಿಕೊಳ್ಳುವುದು ಕಷ್ಟವಲ್ಲ.

ಹೊರವರ್ತುಲ ರಸ್ತೆಯ ಲೆಕ್ಕ ಪೂರ್ತಿ ಬೇರೆ. ರಾತ್ರಿ ಅಲ್ಲಿ ಮುಖ್ಯರಸ್ತೆಯ ವಾಹನ 60ರಲ್ಲಿ ಬರುತ್ತಿರುತ್ತದೆ, ನಾವು 20ರಲ್ಲಿ. ಹಿಂದಿನಿಂದ ಸೆಕೆಂಡಿಗೆ 11 ಮೀಟರ್‌ನಂತೆ ಅದು ಹತ್ತಿರವಾಗುತ್ತದೆ. ಇಂಥ ಕಡೆ ಬೊಲ್ಲಾರ್ಡ್, ಅಂದರೆ ವಾಹನ ತಡೆಯುವ ಗಿಡ್ಡ ಕಂಬ, ನೆಟ್ಟ ಲೇನಿನಂಥ ರಕ್ಷಣೆ ಇನ್ನೊಂದಿಲ್ಲ. 2020ರಲ್ಲಿ ಕೆ.ಆರ್. ಪುರ ಮತ್ತು ಸಿಲ್ಕ್ ಬೋರ್ಡ್ ನಡುವೆ ಅಂಥ ಲೇನ್ ಮಾಡಿದಾಗ ಅದು ಸರಿಯಾದ ಜಾಗದಲ್ಲೇ ಆಯಿತು. ತೊಂದರೆ ಇದ್ದದ್ದು ಮುಖ್ಯರಸ್ತೆಯಿಂದ ಸರ್ವೀಸ್ ರೋಡಿಗೆ ಇಳಿಯುವ ಬಾಯಿಗಳಲ್ಲಿ. ಅಲ್ಲಿ ಬೊಲ್ಲಾರ್ಡ್ ಇರುವಂತಿಲ್ಲ, ಕಾರುಗಳು ವೇಗ ತಗ್ಗಿಸದೆ ಎಡಕ್ಕೆ ಕತ್ತರಿಸುತ್ತವೆ. ಆಮೇಲೆ ಮೆಟ್ರೋ ಕಾಮಗಾರಿ ಆ ರಸ್ತೆಯ ಅಂಚನ್ನೇ ಹಿಡಿದುಕೊಂಡಿತು. ಲೇನ್ ತುಂಡಾದ ಕಡೆ ನಾನು ಸರ್ವೀಸ್ ರೋಡಿಗೆ ಹೋಗುತ್ತೇನೆ. ರಾಂಗ್ ಸೈಡಿನಲ್ಲಿ ಬರುವ ಬೈಕುಗಳ ಕಾಟ ಇದ್ದರೂ ವೇಗ ಕಡಿಮೆ, ಎದುರಿಗೆ ಬರುವುದು ಕಣ್ಣಿಗೆ ಬೀಳುತ್ತದೆ. ಫ್ಲೈಓವರ್ ಹತ್ತುವುದೇ ಇಲ್ಲ, ಕೆಳಗಿನ ಸಿಗ್ನಲ್ಲಿನಲ್ಲಿ ಎರಡು ನಿಮಿಷ ನಿಂತರೂ ಸರಿ.

ರಸ್ತೆಯಲ್ಲಿ ಹೋಗುವುದು ಅಂತಾದ ಮೇಲೆ ಎಡ ಅಂಚಿಗೆ ಒತ್ತಿಕೊಂಡು ಹೋಗುವುದು ಅಪಾಯ. ನಗರದ ದೊಡ್ಡ ರಸ್ತೆಯ ಒಂದು ಲೇನಿನ ಅಗಲ ಸುಮಾರು 3.5 ಮೀಟರ್. ಅಂಚಿನಿಂದ ಅರ್ಧ ಮೀಟರ್ ದೂರದಲ್ಲಿ ಚಕ್ರ ಇಟ್ಟರೆ, ಹ್ಯಾಂಡಲಿನ ಬಲತುದಿ 80 ಸೆಂ.ಮೀ.ಗೆ ಬರುತ್ತದೆ. ಉಳಿದದ್ದು 2.7 ಮೀಟರ್. ದೊಡ್ಡ ಬಸ್ಸಿನ ಅಗಲ 2.6 ಮೀಟರ್‌ವರೆಗೂ ಇರುತ್ತದೆ, ಕನ್ನಡಿ ಬೇರೆ. ಡ್ರೈವರಿಗೆ ನುಗ್ಗಬಹುದು ಅನ್ನಿಸುವಷ್ಟು ಜಾಗ ನಾವೇ ಮಾಡಿಕೊಟ್ಟ ಹಾಗಾಯಿತು, ನಮಗೆ ಉಳಿದದ್ದು ನಾಲ್ಕು ಬೆರಳು. ಚಕ್ರ ಲೇನಿನ ನಡುವೆ ಇದ್ದರೆ ಅವರು ಒಂದೋ ಹಿಂದೆ ಬರಬೇಕು, ಇಲ್ಲವೇ ಪಕ್ಕದ ಲೇನಿಗೆ ಹೋಗಬೇಕು. ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ. ಹಾರ್ನ್ ಹೊಡೆದವರು ನಮ್ಮನ್ನು ನೋಡಿದ್ದಾರೆ ಅಂತ ಗೊತ್ತಾಯಿತು. ರಸ್ತೆ ಅಗಲವಾದ ಕೂಡಲೇ ಎಡಕ್ಕೆ ಸರಿದು ಕೈಸನ್ನೆ ಮಾಡಿ ಮುಂದೆ ಬಿಡುತ್ತೇನೆ. ಹಿಂದಿನವರ ವೇಗ ನಮ್ಮದಕ್ಕಿಂತ ತೀರಾ ಹೆಚ್ಚಿರುವ ಕಡೆ ಮಾತ್ರ ನಡುವೆ ಹಿಡಿಯುವುದು ಬೇಡ. ನಿಂತ ಕಾರುಗಳ ಸಾಲಿನಿಂದ 1.2 ಮೀಟರ್ ದೂರ ಯಾವಾಗಲೂ ಇರಬೇಕು, ತೆರೆದ ಡೋರ್ ಸುಮಾರು ಒಂದು ಮೀಟರ್ ಚಾಚುತ್ತದೆ. ಪಾರ್ಕಿಂಗಿಗೂ ಫುಟ್‌ಪಾತಿಗೂ ನಡುವೆ ಬಣ್ಣ ಬಳಿದ ಒಂದು ಮೀಟರ್ ಪಟ್ಟಿ ಪೂರ್ತಿ ಡೋರ್ ತೆರೆಯುವ ಜಾಗದಲ್ಲೇ ಇರುತ್ತದೆ. ಅಂಥದ್ದನ್ನು ನಾನು ಲೇನ್ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಜಂಕ್ಷನ್‌ನಲ್ಲಿ ನೇರ ಹೋಗುವುದಿದ್ದರೆ 30 ಮೀಟರ್ ಮೊದಲೇ ಲೇನಿನಿಂದ ಹೊರಬರುತ್ತೇನೆ. 20 ಕಿ.ಮೀ. ವೇಗದಲ್ಲಿ ಅದು ಐದಾರು ಸೆಕೆಂಡ್: ಕನ್ನಡಿ ನೋಡಿ, ಕತ್ತು ತಿರುಗಿಸಿ, ಬಲಗೈ ಚಾಚಿ, ಜಾಗ ಕೊಟ್ಟವರ ಮುಂದೆ ಸೇರಿಕೊಳ್ಳಲು ಅಷ್ಟು ಬೇಕು. ಕೊನೆಯವರೆಗೂ ಲೇನಿನಲ್ಲೇ ಇದ್ದರೆ ಎಡಕ್ಕೆ ತಿರುಗುವ ಕಾರು ನಮ್ಮ ಮುಂದೆಯೇ ಅಡ್ಡ ಬರುತ್ತದೆ. ಡ್ರೈವರು ಎಡಗನ್ನಡಿ ನೋಡುವುದು ಅಪರೂಪ, ಇಂಡಿಕೇಟರ್ ಇನ್ನೂ ಅಪರೂಪ. ಬಲಕ್ಕೆ ತಿರುಗುವುದನ್ನು ದೊಡ್ಡ ಸಿಗ್ನಲ್ಲಿನಲ್ಲಿ ಎರಡು ಹಂತದಲ್ಲಿ ಮಾಡುತ್ತೇನೆ: ನೇರ ದಾಟಿ ಆಚೆಯ ಎಡ ಮೂಲೆಯಲ್ಲಿ ನಿಂತು, ಸೈಕಲ್ ಬಲಕ್ಕೆ ತಿರುಗಿಸಿ, ಆ ರಸ್ತೆಯ ಹಸಿರು ದೀಪಕ್ಕೆ ಕಾಯುವುದು. ಮೈಸೂರಿನಂಥ ಊರಿನ ಸರ್ಕಲ್‌ಗಳಲ್ಲಿ ಅಂಚು ಹಿಡಿದು ಸುತ್ತಿದರೆ ಹೊರಹೋಗುವ ಪ್ರತಿ ವಾಹನವೂ ನಮ್ಮನ್ನು ಅಡ್ಡಗಟ್ಟುತ್ತದೆ. ಅಲ್ಲಿ ನಮ್ಮ ತಿರುವು ಬರುವವರೆಗೂ ವಾಹನಗಳ ಲೇನಿನ ನಡುವೆಯೇ ಇರಬೇಕು. 2017ರಲ್ಲಿ ಶುರುವಾದ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಹಿಡಿದು ಮೈಸೂರು ಸುತ್ತುವವರಿಗೂ ಇದೇ ಮಾತು.

ನಿಂತ ಬಸ್ಸಿನ ಎಡಕ್ಕೆ ಎಂದೂ ನುಗ್ಗಬೇಡಿ. ಇಳಿಯುವವರು ಕೆಳಗೆ ನೋಡಿಕೊಂಡು ಇಳಿಯುತ್ತಾರೆ. ಹಿಂದೆ ಮೂರು ಮೀಟರ್ ಬಿಟ್ಟು ನಿಲ್ಲಿ, ಇಲ್ಲವೇ ಹಿಂದೆ ನೋಡಿಕೊಂಡು ಬಲಗಡೆಯಿಂದ ಒಂದು ಮೀಟರ್ ಅಂತರದಲ್ಲಿ ದಾಟಿ.

ಲೇನಿನಲ್ಲಿ ಪಂಕ್ಚರ್ ಹೆಚ್ಚಾಗುವುದಕ್ಕೂ ಕಾರಣ ಇದೆ. ರಸ್ತೆಯ ಗಾಜಿನ ಚೂರು, ಜಲ್ಲಿ, ಮೊಳೆಯನ್ನು ವಾಹನಗಳ ಟೈರು ಪಕ್ಕಕ್ಕೆ ತಳ್ಳುತ್ತಲೇ ಇರುತ್ತವೆ. ಲೇನಿಗೆ ಬಂದು ಬಿದ್ದದ್ದನ್ನು ಮತ್ತೆ ತಳ್ಳುವವರಿಲ್ಲ, ಗುಡಿಸುವ ಯಂತ್ರ ಬೊಲ್ಲಾರ್ಡಿನ ಒಳಗೆ ಹೋಗುವುದಿಲ್ಲ. ಆದ್ದರಿಂದ 28 ಮಿ.ಮೀ. ಟೈರಿಗಿಂತ 35 ಮಿ.ಮೀ. ಟೈರು ಒಳ್ಳೆಯದು. 70 ಕಿಲೋ ತೂಕದವರಿಗೆ 50ರಿಂದ 60 ಪಿಎಸ್ಐ ಗಾಳಿ ಸಾಕು. ಮಳೆಯಲ್ಲಿ ಲೇನಿಗೆ ಬಳಿದ ದಪ್ಪ ಬಣ್ಣವೂ ಕಾಮಗಾರಿಯವರು ಹಾಸಿದ ಕಬ್ಬಿಣದ ತಗಡೂ ಜಾರುತ್ತವೆ. ಅವುಗಳ ಮೇಲೆ ಬ್ರೇಕ್ ಹಿಡಿಯಬಾರದು, ಹ್ಯಾಂಡಲ್ ತಿರುಗಿಸಬಾರದು, ಮೊದಲೇ ನಿಧಾನಿಸಿ ನೇರವಾಗಿ ದಾಟಬೇಕು. ಲೇನಿನಲ್ಲಿ ನೀರು ನಿಂತಿದ್ದರೆ ಯೋಚನೆಯೇ ಬೇಡ, ರಸ್ತೆಗೆ ಬನ್ನಿ. ಮೋರಿಯ ಜಾಲರಿ ಇರುವುದು ಆ ಅಂಚಿನಲ್ಲೇ, ಅದರ ಸರಳು ನಾವು ಹೋಗುವ ದಿಕ್ಕಿಗೇ ಇದ್ದರೆ ಚಕ್ರ ಒಳಗೆ ಇಳಿಯುತ್ತದೆ.

ಕನ್ನಡಿ ಹ್ಯಾಂಡಲಿನ ಬಲತುದಿಗೆ. ಹಿಂದೆ ಎರಡು ಕೆಂಪು ದೀಪ, ಒಂದು ಮಿನುಗುವುದು, ಒಂದು ಸ್ಥಿರ. ಮಿನುಗುವುದು ಗಮನ ಸೆಳೆಯುತ್ತದೆ, ಸ್ಥಿರ ದೀಪದಿಂದ ದೂರ ಅಂದಾಜಾಗುತ್ತದೆ. ಮುಂದಿನ ದೀಪದ ಬೆಳಕು ಎಂಟು ಹತ್ತು ಮೀಟರ್ ಮುಂದೆ ನೆಲಕ್ಕೆ ಬೀಳುವಂತೆ ಬಗ್ಗಿಸಿ. ಹೆಲ್ಮೆಟ್ ಹಾಕಿದ ಬೈಕಿನವರಿಗೆ ಗಂಟೆಯ ಸದ್ದು ಮುಟ್ಟುವುದಿಲ್ಲ. “ಅಣ್ಣಾ, ಸೈಕಲ್!” ಅಂತ ಜೋರಾಗಿ ಕೂಗಿದರೆ ಮುಟ್ಟುತ್ತದೆ.

ಲೇನಿನಲ್ಲಿ ಮೋಟಾರು ವಾಹನ ಓಡಿಸಬಾರದು ಅಂತ ನಿಯಮ ಇದೆ. ಬೊಲ್ಲಾರ್ಡುಗಳ ನಡುವೆ ಒಂದೂವರೆ ಮೀಟರ್ ಬಿಟ್ಟರೆ ಕಾರು ನುಗ್ಗದು, ಸೈಕಲ್ ಹೋಗುತ್ತದೆ. ಸ್ಕೂಟರನ್ನು ಮಾತ್ರ ಯಾವ ಅಳತೆಯೂ ತಡೆಯದು, ಅದರ ಹ್ಯಾಂಡಲಿನ ಅಗಲವೂ ನಮ್ಮದರಷ್ಟೇ. ಅದಕ್ಕೆ ಪೊಲೀಸರೇ ನಿಲ್ಲಬೇಕು. ಹಾಗಾಗಿ ದೂರು ಬರೆಯುವಾಗ “ಲೇನ್ ಸರಿಯಿಲ್ಲ” ಅಂತ ಬರೆಯಬೇಡಿ. ಹತ್ತಿರದ ಮೆಟ್ರೋ ಕಂಬದ ಸಂಖ್ಯೆ, ಯಾವ ಬದಿ, ಬೈಕುಗಳು ನುಗ್ಗುವ ಹೊತ್ತು, ಮುರಿದ ಬೊಲ್ಲಾರ್ಡ್ ಎಷ್ಟು ಅನ್ನುವುದನ್ನು ಫೋಟೋ ಸಮೇತ ಕೊಡಿ. ಬೊಲ್ಲಾರ್ಡ್ ದೂರು ಪಾಲಿಕೆಗೆ, ಬೈಕಿನ ದೂರು ಸಂಚಾರ ಪೊಲೀಸರಿಗೆ. ಎರಡನ್ನೂ ಒಂದೇ ಪತ್ರದಲ್ಲಿ ಬರೆದರೆ ಅದು ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆಯುತ್ತಲೇ ಇರುತ್ತದೆ.