ಹಳೆಯ ಪ್ಲೇಟುಗಳನ್ನು ನಾನು ಹಂಚುವ ಬಗೆ

ಹಳೆಯ ಗ್ರಾಮಫೋನ್ ಪ್ಲೇಟು, ಕ್ಯಾಸೆಟ್ಟುಗಳನ್ನು ಡಿಜಿಟಲ್ ಮಾಡಿ ಹಂಚುವುದು ನನ್ನ ಬಹುಕಾಲದ ಹವ್ಯಾಸ. "ಇದು ಕಳ್ಳತನ ಅಲ್ವಾ?" ಎಂದು ಕೇಳುವವರು ಸಿಗುತ್ತಲೇ ಇರುತ್ತಾರೆ. ಕೇಳಲಿ, ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ಅದನ್ನು ಕಂಪನಿಗಳಿಗೂ ಕೇಳಬೇಕು ಎನ್ನುವುದು ನನ್ನ ಮಾತು.

ಮೊದಲು ಕೆಲಸದ ವಿಷಯ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಪ್ಲೇಟುಗಳು ಅರಗಿನವು. ಸ್ಪಿರಿಟ್ ಹಾಕಿ ಒರೆಸಿದರೆ ಅರಗು ಕರಗಿ ಹಾಡೇ ಹೋಗುತ್ತದೆ. ತಣ್ಣೀರು, ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ, ಮೆತ್ತನೆಯ ಬ್ರಷ್ ಸಾಕು. ನಡುವಿನ ಲೇಬಲ್ ಮಾತ್ರ ನೆನೆಯಬಾರದು. ಹಾಡಿದವರ ಹೆಸರು, ಪ್ಲೇಟಿನ ನಂಬರು ಇರುವುದು ಅಲ್ಲೇ. ಆಮೇಲೆ ಬಂದ ಎಲ್‌ಪಿ (ಲಾಂಗ್ ಪ್ಲೇ) ಪ್ಲೇಟಿನ ಸೂಜಿ ಇದಕ್ಕೆ ಆಗುವುದಿಲ್ಲ. ಇದರ ಗೀರು ಅಗಲ, ದಪ್ಪ ಸೂಜಿಯೇ ಬೇಕು. ಒಂದು ಬದಿಗೆ ಸುಮಾರು ಮೂರು ನಿಮಿಷದ ಹಾಡು. ಆಡಾಸಿಟಿ ಎಂಬ ಸಾಫ್ಟ್‌ವೇರ್‌ನಲ್ಲಿ ರೆಕಾರ್ಡ್ ಮಾಡಿ, ದನಿಯ ಗುಣ ಕಡಿಮೆಯಾಗದ ಫ್ಲ್ಯಾಕ್ ಫೈಲ್ ಆಗಿ ಇಡುತ್ತೇನೆ. ಗರಗರ ಸದ್ದನ್ನು ಪೂರ್ತಿ ತೆಗೆಯಲು ಹೋಗುವುದಿಲ್ಲ. ಹಾಗೆ ಮಾಡಿದರೆ ದನಿಯ ಜೀವವೂ ಹೋಗುತ್ತದೆ.

ಆಮೇಲೆ ಹಕ್ಕಿನ ಲೆಕ್ಕ. ಇದಕ್ಕೇ ನನಗೆ ಜಾಸ್ತಿ ಹೊತ್ತು ಬೇಕಾಗುವುದು. ನಮ್ಮ ದೇಶದಲ್ಲಿ ರೆಕಾರ್ಡಿಂಗ್ ಮೇಲಿನ ಹಕ್ಕು, ಅದು ಹೊರಬಂದ ವರ್ಷ ಮುಗಿದ ಮೇಲೆ 60 ವರ್ಷ ಇರುತ್ತದೆ. 1964ರ ಪ್ಲೇಟಿನ ಹಕ್ಕು 2024ರ ಕೊನೆಗೆ ಮುಗಿಯಿತು. ಆದರೆ ಹಾಡಿನ ಸಾಹಿತ್ಯದ ಹಕ್ಕು ಬೇರೆ. ಅದು ಬರೆದವರು ತೀರಿಕೊಂಡ ಮೇಲೆ 60 ವರ್ಷ. ಟಿ.ಪಿ. ಕೈಲಾಸಂ ತೀರಿಕೊಂಡಿದ್ದು 1946ರಲ್ಲಿ, ಅವರ ಹಾಡು ಈಗ ಎಲ್ಲರದು. ಬೇಂದ್ರೆಯವರು ಹೋಗಿದ್ದು 1981ರಲ್ಲಿ. ಹಾಗಾಗಿ ಪ್ಲೇಟ್ ಎಷ್ಟೇ ಹಳೆಯದಾಗಿರಲಿ, ಅದರಲ್ಲಿ ಅವರ ಪದ್ಯವಿದ್ದರೆ 2041 ಮುಗಿಯುವವರೆಗೆ ಒಪ್ಪಿಗೆ ಇಲ್ಲದೆ ಹಾಕುವಂತಿಲ್ಲ. ರಾಗ ಹಾಕಿದವರ ವಿಷಯದಲ್ಲೂ ಹೀಗೇ ನೋಡಬೇಕು. ವಚನ, ದಾಸರ ಪದಗಳ ಸಾಹಿತ್ಯಕ್ಕೆ ಯಾರನ್ನೂ ಕೇಳಬೇಕಾಗಿಲ್ಲ.

ಈ 60 ಮೊದಲು 50 ಆಗಿತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಠಾಕೂರರ ಕೃತಿಗಳ ಹಕ್ಕು 1991ಕ್ಕೆ ಮುಗಿಯುವುದಿತ್ತು. ಅದನ್ನು ಉಳಿಸಲೆಂದು ಕಾಯ್ದೆ ತಿದ್ದಿದರು. ಅದರ ಜೊತೆಗೆ ರೆಕಾರ್ಡ್ ಕಂಪನಿಗಳಿಗೂ ಹತ್ತು ವರ್ಷ ಸುಮ್ನೆ ಸಿಕ್ಕಿತು. ಅವರು ಹೊಸದಾಗಿ ಒಂದು ಹಾಡನ್ನೂ ಹಾಡಿಸಬೇಕಾಗಿರಲಿಲ್ಲ!

ಈಗ ಹಾಡುತ್ತಿರುವವರ ಆಲ್ಬಂ ಕಳಿಸಿ ಎಂದು ಕೇಳಿದರೆ ನಾನು ಕಳಿಸುವುದಿಲ್ಲ. ಕೊಂಡುಕೊಳ್ಳುವ ಲಿಂಕ್ ಕೊಡುತ್ತೇನೆ. ಸ್ವಂತ ದುಡ್ಡಿನಲ್ಲಿ ಸ್ಟುಡಿಯೋ ಬಾಡಿಗೆ ಕಟ್ಟಿ ಹಾಡಿದವರಿಗೆ ಆ ನೂರಿನ್ನೂರು ರೂಪಾಯಿ ದೊಡ್ಡದು.

ಇಷ್ಟೆಲ್ಲ ನೋಡಿ ಹಾಕಿದರೂ ತಕರಾರು ತಪ್ಪುವುದಿಲ್ಲ. ದಾಸರ ಪದದ ಒಂದು ಹಳೆಯ ಪ್ಲೇಟನ್ನು ಒಂದು ವಿಡಿಯೋ ತಾಣಕ್ಕೆ ಹಾಕಿದ್ದೆ. ಹಕ್ಕು ಮುಗಿದು ಎಷ್ಟೋ ವರ್ಷವಾಗಿತ್ತು. ಮರುದಿನವೇ ಒಂದು ಕಂಪನಿಯ ಹೆಸರಿನಲ್ಲಿ ನೋಟಿಸ್ ಬಂತು: ಇದು ನಮ್ಮ ಹಾಡು. ಅವರು ತುಂಬ ಈಚೆಗೆ ಬೇರೆಯವರಿಂದ ಅದೇ ಪದ ಹಾಡಿಸಿದ್ದರು. ಕಂಪ್ಯೂಟರು ಎರಡನ್ನೂ ಒಂದೇ ಎಂದುಕೊಂಡಿತ್ತು. ನಾನು ಜಾಹೀರಾತು ಹಾಕಿಯೇ ಇರಲಿಲ್ಲ. ಈಗ ಜಾಹೀರಾತೂ ಬಂತು, ದುಡ್ಡೂ ಅವರಿಗೆ! ಲೇಬಲ್ ಫೋಟೋ, ಪ್ಲೇಟ್ ನಂಬರು, ಕಾಯ್ದೆಯ ಸೆಕ್ಷನ್ ಎಲ್ಲ ಹಾಕಿ ಆಕ್ಷೇಪ ಬರೆದೆ. ಕೆಲವು ವಾರ ಬಿಟ್ಟು ನೋಟಿಸ್ ಹಿಂದೆ ಹೋಯಿತು. ಕ್ಷಮೆಯ ಒಂದು ಸಾಲೂ ಇಲ್ಲ. ನಾನು ತಪ್ಪು ಮಾಡಿದರೆ ನನ್ನ ಚಾನೆಲ್ಲೇ ಮುಚ್ಚಬಹುದು. ಅವರು ತಪ್ಪು ಮಾಡಿದರೆ ಅವರಿಗೆ ಏನೂ ಆಗುವುದಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ. ಪುರಂದರದಾಸರ ಪದಕ್ಕೆ ಕಾವಲು ಹಾಕುವ ಅಧಿಕಾರ ಯಾರೂ ಯಾರಿಗೂ ಕೊಟ್ಟಿಲ್ಲ.

ಅಮೆರಿಕದಲ್ಲಿ ಇದು ಎಲ್ಲಿಗೆ ಹೋಯಿತು ಎಂದು ಗೊತ್ತಲ್ಲ. ಮಿನ್ನೆಸೋಟದ ಒಬ್ಬ ಮಹಿಳೆಯ ಮೇಲೆ 24 ಹಾಡು ಹಂಚಿದ್ದಕ್ಕೆ ಕಂಪನಿಗಳು ಕೇಸು ಹಾಕಿದವು. 2009ರಲ್ಲಿ ಜ್ಯೂರಿ ವಿಧಿಸಿದ್ದು 19 ಲಕ್ಷ 20 ಸಾವಿರ ಡಾಲರ್, ಅಂದರೆ ಹಾಡಿಗೆ 80 ಸಾವಿರ. ಐಟ್ಯೂನ್ಸ್‌ನಲ್ಲಿ ಒಂದು ಹಾಡು ಒಂದು ಡಾಲರಿನ ಆಸುಪಾಸಿನಲ್ಲಿ ಸಿಗುತ್ತಿದ್ದ ಕಾಲ ಅದು. ಮೇಲ್ಮನವಿಯ ನಂತರವೂ ಕೊನೆಗೆ 2 ಲಕ್ಷ 22 ಸಾವಿರ ಡಾಲರ್ ಉಳಿಯಿತು. ಆಕೆ ಮಾಡಿದ್ದು ಸರಿ ಎಂದು ನಾನು ಹೇಳುವುದಿಲ್ಲ. ಆದರೆ ಆಗಿದ್ದ ನಷ್ಟ ಎಷ್ಟು, ಕೇಳಿದ ದಂಡ ಎಷ್ಟು?

ನಮ್ಮಲ್ಲಿ 2012ರ ತಿದ್ದುಪಡಿ ಒಂದು ಒಳ್ಳೆಯ ಕೆಲಸ ಮಾಡಿತು. ಹಾಡು ಬರೆದವರು, ರಾಗ ಹಾಕಿದವರು ರಾಯಲ್ಟಿಯ ಪಾಲನ್ನು ಕಂಪನಿಗೆ ಬರೆದುಕೊಡುವಂತಿಲ್ಲ ಎಂದಾಯಿತು. ಆದರೆ ಕ್ಯಾಸೆಟ್ ಕಾಲದ ಜನಪದ ಹಾಡುಗಾರರನ್ನು ಕೇಳಿ ನೋಡಿ. ಬಾಗಲಕೋಟೆ ಕಡೆಯ ಗೀಗೀ ಪದದ ಹಿರಿಯರೊಬ್ಬರು ನನಗೆ ಗೊತ್ತು. ತೊಂಬತ್ತರ ದಶಕದಲ್ಲಿ ಒಂದು ಕಂಪನಿಗೆ ಹಾಡಿದ್ದರು. ಒಂದೇ ಸಲ ಒಂದಿಷ್ಟು ದುಡ್ಡು ಕೊಟ್ಟು ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರಂತೆ. ಮನೆಯಲ್ಲಿದ್ದ ಕ್ಯಾಸೆಟ್ ಬೂಸಲು ಹಿಡಿದು ಹಾಳಾಗಿತ್ತು. "ನನ್ನ ದನಿ ನನ್ನ ಮನ್ಯಾಗ ಇಲ್ರೀ ಸರ್" ಅಂದರು.

ಅದೇ ಕ್ಯಾಸೆಟ್ ನನಗೆ ಹುಬ್ಬಳ್ಳಿಯ ಗುಜರಿಯಲ್ಲಿ ಸಿಕ್ಕಿತು. ಮೊದಲು ಕಂಪನಿಗೆ ಪತ್ರ ಬರೆದೆ: ನೀವೇ ಮತ್ತೆ ಹೊರತನ್ನಿ, ಇಲ್ಲವೇ ನಮಗೆ ಒಪ್ಪಿಗೆ ಕೊಡಿ. ತಿಂಗಳುಗಟ್ಟಲೆ ಸುದ್ದಿಯಿಲ್ಲ. ಕೊನೆಗೆ ಫೋನಿನಲ್ಲಿ ಒಬ್ಬರು, ಮೂಲ ಟೇಪು ಈಗ ಇಲ್ಲ, ಆದರೆ ಹಕ್ಕು ನಮ್ಮದೇ, ಅಂದರು. ಟೇಪನ್ನೇ ಉಳಿಸಿಕೊಳ್ಳದವರು ಹಕ್ಕನ್ನು ಮಾತ್ರ ಬಿಗಿಯಾಗಿ ಹಿಡಿದುಕೊಂಡಿದ್ದಾರೆ. ಇದಕ್ಕಿಂತ ದುರಾಸೆ ಬೇರೆ ಇದೆಯೇ?

ಆ ಕ್ಯಾಸೆಟ್ಟನ್ನು ನಾನು ಇಂಟರ್ನೆಟ್ಟಿಗೆ ಹಾಕಿಲ್ಲ, ಕಾಯ್ದೆ ಬಿಡುವುದಿಲ್ಲ. ಆದರೆ ಪೆನ್‌ಡ್ರೈವ್‌ಗೆ ತುಂಬಿ ಹಾಡಿದವರ ಕೈಗೇ ಕೊಟ್ಟೆ. ಅದು ತಪ್ಪು ಎಂದು ಯಾವ ವಕೀಲರು ಹೇಳಿದರೂ ನಾನು ಒಪ್ಪುವುದಿಲ್ಲ. ಅವರ ಮಗಳು ಈಗ ಅದನ್ನೇ ಕೇಳಿಕೊಂಡು ಊರಿನ ಹುಡುಗಿಯರಿಗೆ ಪದ ಕಲಿಸುತ್ತಿದ್ದಾರೆ. ಕೇಳಿದವರಿಗೆಲ್ಲ ಫೈಲ್ ಕೊಡುತ್ತಾರಂತೆ. ಕೊಡಬೇಡಿ ಎಂದು ನಾನು ಹೇಳಿಲ್ಲ, ಹೇಳುವುದೂ ಇಲ್ಲ.