ಇನ್ನೊಮ್ಮೆ ಬಾರದ ಗಳಿಗೆಗೆ ತಯಾರಾಗುವುದು: ಫೋಟೋಗ್ರಾಫರ್ ಆಗಿ ನನ್ನ ಅನುಭವ

ಫೋಟೋ ತೆಗೆಯುವುದನ್ನೇ ಹೊಟ್ಟೆಪಾಡು ಮಾಡಿಕೊಂಡವರ ದಿನದಲ್ಲಿ ಫೋಟೋ ತೆಗೆಯುವ ಹೊತ್ತು ಕಡಿಮೆಯೇ. ಬ್ಯಾಟರಿ ಚಾರ್ಜ್ ಮಾಡಬೇಕು, ಜಾಗ ನೋಡಿಕೊಂಡು ಬರಬೇಕು, ಫೈಲ್ ಕಾಪಿ ಮಾಡಬೇಕು, ಸಾವಿರಾರು ಚಿತ್ರಗಳಲ್ಲಿ ಆರಿಸಬೇಕು, ಬಾಕಿ ದುಡ್ಡಿಗೆ ಫೋನ್ ಮಾಡಬೇಕು. ಹೆಚ್ಚಿನ ಸಮಯ ಇದರಲ್ಲೇ ಕಳೆಯುತ್ತದೆ. ನಾನು ಮದುವೆ, ವೇದಿಕೆ ಕಾರ್ಯಕ್ರಮ, ಆಫೀಸಿನ ಸಮಾರಂಭ, ಪೋರ್ಟ್ರೇಟ್ ಎಲ್ಲವನ್ನೂ ಮಾಡುತ್ತೇನೆ. ಯಾವ ಕೆಲಸವೇ ಇರಲಿ, ಆ ಗಳಿಗೆ ಇನ್ನೊಮ್ಮೆ ಬರುವುದಿಲ್ಲ. ಕ್ಯಾಮೆರಾ ಕೈಕೊಟ್ಟಿತು, ಬೆಳಕು ಸಾಲಲಿಲ್ಲ ಅಂದರೆ ಯಾರೂ ಕೇಳುವುದಿಲ್ಲ. ಕೇಳಬೇಕಾದ ಅಗತ್ಯವೂ ಅವರಿಗಿಲ್ಲ. ನಾನು ಕೆಲಸ ಮಾಡುವ ರೀತಿಯೆಲ್ಲ ಇದರ ಸುತ್ತವೇ ಬೆಳೆದು ಬಂದಿದೆ.

ಬೆಳಕಿನಿಂದ ಶುರು ಮಾಡುತ್ತೇನೆ, ಯಾಕೆಂದರೆ ಜಾಸ್ತಿ ತಲೆಬಿಸಿ ಅಲ್ಲೇ. ಹಾಲ್‌ಗೆ ಕಾರ್ಯಕ್ರಮಕ್ಕಿಂತ ಸಾಕಷ್ಟು ಮುಂಚೆ ಹೋಗುತ್ತೇನೆ. ಮೊದಲು ನೋಡುವುದು ಚಾವಣಿಯನ್ನು. ಅದು ಬಿಳಿಯಾಗಿ, ಕೈಗೆಟುಕುವಷ್ಟಲ್ಲದಿದ್ದರೂ ತೀರಾ ಎತ್ತರವಿಲ್ಲದೆ ಇದ್ದರೆ ಫ್ಲ್ಯಾಶ್ ಅನ್ನು ಮೇಲಕ್ಕೆ ತಿರುಗಿಸಿ ಬೌನ್ಸ್ ಮಾಡಬಹುದು. ಮುಖದ ಮೇಲೆ ಬೆಳಕು ಮೆತ್ತಗೆ ಬೀಳುತ್ತದೆ. ಚಾವಣಿಗೆ ಬಣ್ಣ ಬಳಿದಿದ್ದರೆ ಅದೇ ಬಣ್ಣ ಮುಖಕ್ಕೂ ಬರುತ್ತದೆ. ಆಗ ಬೌನ್ಸ್ ಆಸೆ ಬಿಟ್ಟು ಸ್ಟ್ಯಾಂಡ್ ಮೇಲೆ ಫ್ಲ್ಯಾಶ್ ಇಟ್ಟು, ಬೆಳಕನ್ನು ಹರಡಿ ಮೆತ್ತಗೆ ಮಾಡುವ ಅಂಬ್ರೆಲಾ (ಕೊಡೆ) ಹಾಕುತ್ತೇನೆ.

ಎರಡನೆಯದು ಬಣ್ಣಗಳ ಕಲಸುಮೇಲೋಗರ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ; ಸಂಖ್ಯೆ ಕಡಿಮೆಯಾದಷ್ಟೂ ಹಳದಿ, ಹೆಚ್ಚಾದಷ್ಟೂ ನೀಲಿ. ಹಳದಿ ಬಲ್ಬಿನ ಬೆಳಕು 3000 ಕೆಲ್ವಿನ್ ಹತ್ತಿರ ಇರುತ್ತದೆ, ಫ್ಲ್ಯಾಶ್ 5500 ಹತ್ತಿರ. ಎರಡೂ ಸೇರಿದರೆ ಮುಖ ಸರಿ ಕಂಡು ಹಿನ್ನೆಲೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಇಲ್ಲವೇ ಹಿನ್ನೆಲೆ ಸರಿಹೋಗಿ ಮುಖ ನೀಲಿಯಾಗುತ್ತದೆ. ಇದನ್ನು ಕಂಪ್ಯೂಟರಿನಲ್ಲಿ ಸರಿಮಾಡಲು ಹೊರಟರೆ ಒಂದೊಂದು ಚಿತ್ರಕ್ಕೂ ಗಂಟೆಗಟ್ಟಲೆ ಕೂರಬೇಕು. ಫ್ಲ್ಯಾಶಿನ ಮೇಲೆ ಕಿತ್ತಳೆ ಬಣ್ಣದ ಜೆಲ್ ಅಂಟಿಸಿ, ಕ್ಯಾಮೆರಾದ ವೈಟ್ ಬ್ಯಾಲೆನ್ಸ್ (ಯಾವ ಬೆಳಕನ್ನು ಬಿಳಿ ಅಂತ ಎಣಿಸಬೇಕು ಅನ್ನುವ ಸೆಟ್ಟಿಂಗ್) ಅನ್ನು ಬಲ್ಬಿಗೆ ಹೊಂದಿಸಿದರೆ ಅಲ್ಲೇ ಮುಗಿಯಿತು. ಅಂಗೈ ಅಗಲದ ಪ್ಲಾಸ್ಟಿಕ್ ಹಾಳೆ ಅದು, ಆದರೆ ನನ್ನ ಬ್ಯಾಗಿನಲ್ಲಿ ಅಷ್ಟು ಉಪಯೋಗಕ್ಕೆ ಬರುವ ವಸ್ತು ಇನ್ನೊಂದಿಲ್ಲ. ಜೊತೆಗೆ ಯಾವಾಗಲೂ ರಾ ಫೈಲ್‌ನಲ್ಲೇ, ಅಂದರೆ ಸೆನ್ಸರ್ ಹಿಡಿದ ಮಾಹಿತಿಯನ್ನು ಹಾಗೇ ಉಳಿಸುವ ಫೈಲ್‌ನಲ್ಲೇ, ತೆಗೆಯುತ್ತೇನೆ. ಬಣ್ಣವನ್ನು ಆಮೇಲೆ ತಿದ್ದುವ ಅವಕಾಶ ಜೆಪೆಗ್‌ನಲ್ಲಿ ಅಷ್ಟಿಲ್ಲ.

ಇನ್ನು ಎಲ್ಇಡಿ. ಕರೆಂಟಿನಲ್ಲಿ ಉರಿಯುವ ಎಷ್ಟೋ ದೀಪಗಳು ಕಣ್ಣಿಗೆ ಗೊತ್ತಾಗದಷ್ಟು ವೇಗದಲ್ಲಿ ಮಿನುಗುತ್ತಿರುತ್ತವೆ. 50 ಹರ್ಟ್ಸ್ ಕರೆಂಟಾದರೆ ಸೆಕೆಂಡಿಗೆ 100 ಸಲ, 60 ಹರ್ಟ್ಸ್ ಆದರೆ 120 ಸಲ. ಶಟರ್ 1/500 (ಸೆಕೆಂಡಿನ ಐನೂರನೇ ಒಂದು ಭಾಗ) ಇಟ್ಟು ಒಂದೇ ಸಮನೆ ಕ್ಲಿಕ್ಕಿಸಿದರೆ ಒಂದು ಚಿತ್ರ ಸರಿ, ಮುಂದಿನದು ಮಂಕು, ಅದರ ಮುಂದಿನದರಲ್ಲಿ ಅಡ್ಡಪಟ್ಟಿ. ಹಾಗಾಗಿ ಇಂಥ ಹಾಲ್‌ಗಳಲ್ಲಿ 50 ಹರ್ಟ್ಸ್ ಇದ್ದರೆ 1/100, 60 ಇದ್ದರೆ 1/120 ಹತ್ತಿರ ಇಡುತ್ತೇನೆ. ಆಗ ಪ್ರತಿ ಚಿತ್ರಕ್ಕೂ ಒಂದು ಪೂರ್ತಿ ಮಿನುಗು ಸಿಗುತ್ತದೆ. ಇದಕ್ಕಿಂತ ವೇಗ ಬೇಕೇ ಬೇಕು ಅನ್ನುವಾಗ ಮಿನುಗು ನೋಡಿಕೊಂಡು ಕ್ಲಿಕ್ಕಿಸುವ, ಕ್ಯಾಮೆರಾದ ಆ್ಯಂಟಿ ಫ್ಲಿಕರ್ ಸೆಟ್ಟಿಂಗ್ ಆನ್ ಮಾಡುತ್ತೇನೆ. ವೇದಿಕೆಯ ಬಣ್ಣದ ಎಲ್ಇಡಿಗಳ ಲೆಕ್ಕ ಬೇರೆ. ಬೆಳಕು ತಗ್ಗಿಸುವ ಡಿಮ್ಮರ್ ಹಾಕಿದರೆ ಅವು ಇನ್ನೂ ಬಹಳ ವೇಗವಾಗಿ ಮಿನುಗಬಹುದು. ಅಲ್ಲಿ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ಚಿತ್ರದ ತುಂಬ ಗೆರೆಗಳು. ಮೆಕ್ಯಾನಿಕಲ್ ಶಟರ್‌ಗೆ ಹೋದರೆ ಸದ್ದು ಬರುತ್ತದೆ, ಆದರೆ ಗೆರೆ ಬಹಳ ಕಡಿಮೆ. ಭಾಷಣದ ನಡುವೆ ಸದ್ದು ಮಾಡಬೇಡಿ ಅಂತ ಹೇಳುವವರಿಗೆ ಇದನ್ನು ಮೊದಲೇ ವಿವರಿಸಿ ಒಪ್ಪಿಸುತ್ತೇನೆ. ಲೇಸರ್ ಇದೆ ಅಂತ ಗೊತ್ತಾದರೆ ಅದು ಎತ್ತ ತಿರುಗುತ್ತದೆ ಅಂತ ಲೈಟಿನವರನ್ನು ಕೇಳಿಯೇ ನಿಲ್ಲುವ ಜಾಗ ಆರಿಸುವುದು. ಲೆನ್ಸ್ ಒಳಗೆ ನೇರ ಬಿದ್ದರೆ ಸೆನ್ಸರ್ ಸುಟ್ಟುಹೋಗಬಹುದು.

ಗ್ರೂಪ್ ಫೋಟೋ ಸುಲಭ ಅಂತ ನೋಡುವವರಿಗೆ ಅನ್ನಿಸುತ್ತದೆ. ಮೂರು ಸಾಲು ಜನ ನಿಂತಿದ್ದಾರೆ ಅಂದುಕೊಳ್ಳಿ. ಫ್ಲ್ಯಾಶ್ ಹತ್ತಿರ ಇಟ್ಟರೆ ಮುಂದಿನ ಸಾಲು ಬಿಳಿಚಿಕೊಂಡು ಹಿಂದಿನ ಸಾಲು ಕತ್ತಲಾಗುತ್ತದೆ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ ಅನ್ನುವುದು ಬೆಳಕಿನ ನಿಯಮ. ಅದಕ್ಕೇ ಸ್ಟ್ಯಾಂಡನ್ನು ಹಿಂದಕ್ಕೆ ಒಯ್ದು, ಎತ್ತರಿಸಿ, ಪವರ್ ಹೆಚ್ಚಿಸುತ್ತೇನೆ. ಆಗ ಮುಂದಿನ ಸಾಲಿಗೂ ಹಿಂದಿನ ಸಾಲಿಗೂ ಇರುವ ದೂರದ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ. ಎತ್ತರಿಸಿದರೆ ಕನ್ನಡಕದ ಮೇಲಿನ ಹೊಳಪೂ ತಪ್ಪುತ್ತದೆ. ಎಲ್ಲ ಸಾಲೂ ಸ್ಪಷ್ಟವಾಗಿ ಬರಲಿ ಅಂತ ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಕಿರಿದು ಮಾಡಿ ಎಫ್ 8, ಫೋಕಸ್ ಮುಂದಿನ ಸಾಲಿನ ಸ್ವಲ್ಪ ಹಿಂದೆ. ಎಲ್ಲರೂ ಕಣ್ಣು ಮುಚ್ಚಿಕೊಳ್ಳಿ, ಮೂರು ಎಣಿಸಿದ ಮೇಲೆ ತೆರೆಯಿರಿ ಅಂತ ಹೇಳುತ್ತೇನೆ. ರೆಪ್ಪೆ ಮುಚ್ಚಿದವರು ಕಡಿಮೆಯಾಗುತ್ತಾರೆ, ಮುಖದಲ್ಲಿ ನಗುವೂ ಬರುತ್ತದೆ. ಆದರೂ ಒಂದೇ ಕ್ಲಿಕ್‌ಗೆ ನಿಲ್ಲಿಸುವುದಿಲ್ಲ.

ಒಬ್ಬೊಬ್ಬರ ಪೋರ್ಟ್ರೇಟ್‌ನಲ್ಲಿ ಕಷ್ಟ ಬೆಳಕಿನದಲ್ಲ, ಮನುಷ್ಯರದು. ಕ್ಯಾಮೆರಾ ಎದುರು ಬಂದ ಕೂಡಲೇ ಕೈ ಎಲ್ಲಿಡಬೇಕು ಅಂತ ಯಾರಿಗೂ ತಿಳಿಯುವುದಿಲ್ಲ. ನಗಿ ಅಂತ ಹೇಳುವುದರಿಂದ ಪ್ರಯೋಜನವಿಲ್ಲ. ಮೈಭಾರ ಒಂದು ಕಾಲಿನ ಮೇಲೆ ಹಾಕಿ, ಗದ್ದ ಸ್ವಲ್ಪ ಮುಂದೆ ತನ್ನಿ, ಉಸಿರು ಬಿಡಿ. ಹೀಗೆ ಮಾಡಲು ಏನಾದರೊಂದು ಕೆಲಸ ಕೊಡಬೇಕು. ಅವರ ಕೆಲಸದ ಬಗ್ಗೆ ಕೇಳಿದರೆ ಮಾತಾಡುತ್ತಾ ಮುಖ ತಾನಾಗಿಯೇ ಸಡಿಲವಾಗುತ್ತದೆ. ಮಾತು ಮುಗಿಸಿ ಬಾಯಿ ಮುಚ್ಚುವ ಆ ಅರೆಗಳಿಗೆಯಲ್ಲೇ ನನಗೆ ಬೇಕಾದ ಮುಖ ಸಿಗುವುದು.

ಈಗ ಫೈಲ್‌ಗಳ ವಿಷಯ. ಇದರಲ್ಲಿ ನಾನು ಬಹಳ ಕಟ್ಟುನಿಟ್ಟು. ಎರಡು ಕಾರ್ಡ್ ಹಾಕುವ ಕ್ಯಾಮೆರಾ ಇಲ್ಲದೆ ದುಡ್ಡು ತೆಗೆದುಕೊಂಡು ಕೆಲಸ ಮಾಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಎರಡೂ ಕಾರ್ಡಿಗೆ ಒಟ್ಟೊಟ್ಟಿಗೆ ಬರೆಯುವಂತೆ ಇಟ್ಟಿರುತ್ತೇನೆ. ಎರಡು ಕ್ಯಾಮೆರಾ ಒಯ್ದರೆ ಗಡಿಯಾರಗಳನ್ನು ಸೆಕೆಂಡಿಗೆ ಸೆಕೆಂಡ್ ಹೊಂದಿಸುತ್ತೇನೆ, ಇಲ್ಲದಿದ್ದರೆ ಆಮೇಲೆ ಚಿತ್ರಗಳ ಅನುಕ್ರಮವೆಲ್ಲ ಕಲಸಿಹೋಗುತ್ತದೆ. ಜಾಗದಲ್ಲಿ ನಿಂತು ಒಂದು ಚಿತ್ರವನ್ನೂ ಅಳಿಸುವುದಿಲ್ಲ. ತುಂಬಿದ ಕಾರ್ಡನ್ನು ಡಬ್ಬಿಯಲ್ಲಿ ಮಗುಚಿ ಇಡುತ್ತೇನೆ, ಖಾಲಿ ಇರುವುದನ್ನು ನೇರವಾಗಿ. ಎಷ್ಟೇ ಗಡಿಬಿಡಿಯಿದ್ದರೂ ಕಣ್ಣು ಹಾಯಿಸಿದರೆ ಗೊತ್ತಾಗಬೇಕು. ಮನೆಗೆ ಬಂದ ಮೇಲೆ ಮಲಗುವ ಮುಂಚೆ ಕಾಪಿ ಆಗಲೇಬೇಕು. ಒಟ್ಟು 3 ಪ್ರತಿ, 2 ಬೇರೆ ಬೇರೆ ಬಗೆಯ ಸ್ಟೋರೇಜ್‌ನಲ್ಲಿ, 1 ಪ್ರತಿ ಮನೆಯಿಂದ ಹೊರಗೆ. ಕಾಪಿಯಾದ ಫೈಲ್‌ಗಳನ್ನು ತೆರೆದು ನೋಡಿಯೇ ಕಾರ್ಡ್ ಫಾರ್ಮ್ಯಾಟ್ ಮಾಡುವುದು, ಅದೂ ಕ್ಯಾಮೆರಾದಲ್ಲೇ. ಕಾರ್ಡ್ ಎರರ್ ತೋರಿಸಿದರೆ ಅದರಲ್ಲಿ ಮತ್ತೊಂದು ಚಿತ್ರ ತೆಗೆಯಬೇಡಿ. ಮೇಲೆ ಹೊಸದಾಗಿ ಬರೆಯದೆ ಇದ್ದರೆ ಹಳೆಯದನ್ನು ರಿಕವರಿ ಸಾಫ್ಟ್‌ವೇರಿನಿಂದ ಪಡೆಯುವ ದಾರಿ ಹೆಚ್ಚಿನ ಸಲ ತೆರೆದಿರುತ್ತದೆ.

ಎಡಿಟಿಂಗ್ ಬಗ್ಗೆ ಎರಡೇ ಮಾತು. ಸ್ಕ್ರೀನಿನ ಬೆಳಕು ಜಾಸ್ತಿ ಇಟ್ಟು ತಿದ್ದಿದರೆ ಪ್ರಿಂಟ್ ಕಪ್ಪಾಗಿ ಬರುತ್ತದೆ, ಅದಕ್ಕೆ ಮಾನಿಟರ್ ಕ್ಯಾಲಿಬ್ರೇಟ್ ಮಾಡಲೇಬೇಕು, ಅಂದರೆ ಅದರ ಬೆಳಕು ಬಣ್ಣಗಳನ್ನು ಅಳತೆಗೆ ಹೊಂದಿಸಬೇಕು. ಇನ್ನೊಂದು, ಮೆಸೇಜ್ ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಕುಗ್ಗುತ್ತದೆ. 12 ಇಂಚು ಅಗಲ, 8 ಇಂಚು ಎತ್ತರದ ಪ್ರಿಂಟ್‌ಗೆ 300 ಡಿಪಿಐ (ಇಂಚಿಗೆ 300 ಚುಕ್ಕಿ) ಲೆಕ್ಕದಲ್ಲಿ 3600 ಗುಣಿಸು 2400 ಪಿಕ್ಸೆಲ್ ಬೇಕು. ಕುಗ್ಗಿದ ಫೈಲ್ ಅದಕ್ಕೆ ಸಾಲುವುದಿಲ್ಲ. ಲಿಂಕ್ ಕಳಿಸಿ, ಪ್ರಿಂಟ್‌ಗೆ ಇದನ್ನೇ ಬಳಸಿ ಅಂತ ಬರೆದು ಹೇಳುತ್ತೇನೆ.

ಬರೆದು ಹೇಳುವ ಅಭ್ಯಾಸ ದುಡ್ಡಿನ ವಿಷಯದಲ್ಲೂ ಕಾಪಾಡುತ್ತದೆ. ಎಷ್ಟು ಗಂಟೆ ಕೆಲಸ, ಸುಮಾರು ಎಷ್ಟು ಚಿತ್ರ, ಯಾವಾಗ ಕೊಡುವುದು, ಅಡ್ವಾನ್ಸ್ ಎಷ್ಟು, ಕ್ಯಾನ್ಸಲ್ ಆದರೆ ಏನು, ಗಂಟೆ ಮೀರಿದರೆ ಏನು. ಒಂದು ಪುಟ ಸಾಕು. ಚಿತ್ರದ ಹಕ್ಕು ಯಾರದು, ಜಾಹೀರಾತಿಗೆ ಬಳಸಬಹುದೇ ಅನ್ನುವುದನ್ನೂ ಸೇರಿಸಬೇಕು, ಯಾಕೆಂದರೆ ದುಡ್ಡು ಕೊಟ್ಟು ತೆಗೆಸಿದ ಚಿತ್ರದ ಕಾಪಿರೈಟ್ ಯಾರಿಗೆ ಸೇರುತ್ತದೆ ಅನ್ನುವ ಕಾನೂನು ದೇಶದಿಂದ ದೇಶಕ್ಕೆ ಬೇರೆ. ಪರಿಚಯದವರು, ಪೇಪರ್ ಯಾಕೆ ಬಿಡಿ ಅನ್ನುತ್ತಾರೆ. ಪರಿಚಯ ಉಳಿಯಬೇಕು ಅಂದರೇ ಪೇಪರ್ ಬೇಕು, ಅಲ್ವಾ? ರೇಟ್ ಹೇಳುವಾಗ ಎಡಿಟಿಂಗ್ ಗಂಟೆಗಳನ್ನು, ಹಾರ್ಡ್ ಡಿಸ್ಕನ್ನು, ಸವೆಯುವ ಶಟರನ್ನು ಸೇರಿಸಿ ಹೇಳುತ್ತೇನೆ. ಬರೀ ಕ್ಲಿಕ್ ಮಾಡಿದ ಗಂಟೆಗಳ ಲೆಕ್ಕ ಹಿಡಿದರೆ ಈ ಕೆಲಸದಲ್ಲಿ ಬದುಕಲು ಆಗುವುದಿಲ್ಲ.

ಮೈಯೂ ಸವೆಯುತ್ತದೆ. ಎರಡು ಕ್ಯಾಮೆರಾ, ಭಾರದ ಜೂಮ್ ಲೆನ್ಸ್ ಹೊತ್ತು ಇಡೀ ದಿನ ನಿಂತರೆ ಮೊದಲು ಕೂಗುವುದು ಸೊಂಟ ಮತ್ತು ಕುತ್ತಿಗೆ. ಕುತ್ತಿಗೆಯ ಪಟ್ಟಿ ಬಿಟ್ಟು ಎರಡೂ ಭುಜಕ್ಕೆ ಭಾರ ಹಂಚುವ ಹಾರ್ನೆಸ್‌ಗೆ ಬದಲಾಯಿಸಿದ ಮೇಲೆ ನನಗೆ ನೋವು ಎಷ್ಟೋ ಕಡಿಮೆಯಾಯಿತು. ಒಳ್ಳೆಯ ಶೂಗೆ ಜಿಪುಣತನ ಬೇಡ.

ಹಾಗಿದ್ದೂ ಜ್ವರ ಬಂದರೆ? ಕ್ಯಾಮೆರಾಕ್ಕೆ ಬದಲಿ ಇಟ್ಟಂತೆ ನನಗೂ ಬದಲಿ ಬೇಕು. ಅದಕ್ಕೆ ನಾವು ಕೆಲವು ಫೋಟೋಗ್ರಾಫರ್‌ಗಳು ಒಬ್ಬರಿಗೊಬ್ಬರು ಮಾತು ಕೊಟ್ಟುಕೊಂಡಿದ್ದೇವೆ. ಕೆಲಸದ ಹಿಂದಿನ ದಿನ ಒಂದು ಚೀಟಿ ಬರೆದು ಹಂಚಿಕೊಳ್ಳುತ್ತೇವೆ: ಜಾಗ, ವೇಳಾಪಟ್ಟಿ, ತಪ್ಪದೆ ತೆಗೆಯಬೇಕಾದವರ ಪಟ್ಟಿ, ಹಾಲ್‌ನ ಬೆಳಕು ಹೇಗಿದೆ. ನನಗೆ ಆಗದೆ ಇದ್ದರೆ ಅವರಲ್ಲಿ ಒಬ್ಬರು ಹೋಗುತ್ತಾರೆ, ಅವರಿಗೆ ಆಗದಿದ್ದರೆ ನಾನು. ಬದಲಿ ಬರಬಹುದು ಅನ್ನುವುದು ಒಪ್ಪಂದದ ಪುಟದಲ್ಲೂ ಇರುತ್ತದೆ. ಹೊಸದಾಗಿ ಈ ಕೆಲಸಕ್ಕೆ ಬರುವವರು ಮುಂದಿನ ಲೆನ್ಸ್ ಕೊಳ್ಳುವ ಮುಂಚೆ ಇಂಥ ಇಬ್ಬರು ಮೂವರನ್ನು ಹುಡುಕಿಕೊಳ್ಳಿ.