ಕೋಲಾರ, ಚಿಕ್ಕಬಳ್ಳಾಪುರದಿಂದ ಕುಂದಾಪುರಕ್ಕೆ ಬಂದ ನಮ್ಮವರಿಗೆ: ಮನೆ ಕೊಳ್ಳುವ ಮೊದಲು

ಮುಳಬಾಗಿಲು, ಚಿಂತಾಮಣಿ, ಶಿಡ್ಲಘಟ್ಟದ ಕಡೆಯಿಂದ ಬಂದು ಕುಂದಾಪುರದ ಸುತ್ತ ನೆಲೆಸುವವರಿಗೆ ಸಂಘದ ಮೊದಲ ಮಾತು: ಒಂದು ಮಳೆಗಾಲ ಬಾಡಿಗೆ ಮನೆಯಲ್ಲಿ ಕಳೆಯಿರಿ, ಆಮೇಲೆ ಕೊಳ್ಳಿ. ಡಿಸೆಂಬರಿನಲ್ಲಿ ಬಂದು ತೆಂಗಿನ ತೋಪು ನೋಡಿ ಅಡ್ವಾನ್ಸ್ ಕೊಟ್ಟುಬಿಡುವವರೇ ಹೆಚ್ಚು. ಇಲ್ಲಿ ಮನೆಯ ಗುಣ ಗೊತ್ತಾಗುವುದು ಜುಲೈ ಮಳೆಯಲ್ಲಿ, ಇಲ್ಲವೇ ಮೇ ಕೊನೆಯ ಸೆಕೆಯಲ್ಲಿ.

ಬಾವಿ

ನೀರಿಲ್ಲದಿದ್ದರೆ ಬೋರ್ ಇನ್ನೂ ಇಳಿಸಿ ಎನ್ನುವುದು ನಮ್ಮ ಕಡೆಯ ರೂಢಿ. ಸಾವಿರ ಅಡಿ ದಾಟಿದರೂ ನಮಗೆ ಆಶ್ಚರ್ಯವಿಲ್ಲ. ಆ ಲೆಕ್ಕ ಇಲ್ಲಿಗೆ ತರಬೇಡಿ. ಕಡಲು, ಹೊಳೆಬಾಯಿಯ ಹತ್ತಿರ ಸಿಹಿನೀರು ಉಪ್ಪುನೀರಿನ ಮೇಲೆ ನಿಂತಿರುತ್ತದೆ. ಆಳಕ್ಕೆ ಕೊರೆದಷ್ಟೂ, ಮೋಟಾರು ಓಡಿಸಿದಷ್ಟೂ ಉಪ್ಪು ಮೇಲಕ್ಕೇರುತ್ತದೆ. ಮಳೆ ಮುಗಿದ ಹೊಸದರಲ್ಲಿ ಸಿಹಿಯಾಗಿದ್ದ ಬಾವಿ ಮೇ ತಿಂಗಳಲ್ಲಿ ಬಾಯಿಗಿಡಲಾಗದಂತೆ ಆಗಬಹುದು. ಹಾಗಾಗಿ ಮೇ ಎರಡನೇ ವಾರದ ನಂತರ ಒಂದು ಗಂಟೆ ಮೋಟಾರು ಓಡಿಸಿ, ಆಮೇಲೆ ನೀರು ಹಿಡಿದು ಪರೀಕ್ಷೆಗೆ ಕೊಡಿ. ಲೀಟರಿಗೆ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣ ಮುಂತಾದವುಗಳ ಒಟ್ಟು ಪ್ರಮಾಣ) 500 ಮಿ.ಗ್ರಾಂ., ಕ್ಲೋರೈಡ್ 250 ಮಿ.ಗ್ರಾಂ. ಒಳಗಿದ್ದರೆ ನಿಶ್ಚಿಂತೆ. ಪಕ್ಕದ ಮನೆಯವರ ಶೌಚದ ಗುಂಡಿ ನಿಮ್ಮ ಬಾವಿಯಿಂದ ಎಷ್ಟು ದೂರವಿದೆ ಎಂದೂ ನೋಡಿ. 50 ಅಡಿಗಿಂತ ಹತ್ತಿರವಿದ್ದರೆ ಬೇಡ.

ಅಳತೆ

ಇಲ್ಲಿ ಸೆಂಟ್ಸ್ ಲೆಕ್ಕ. 1 ಗುಂಟೆ ಎಂದರೆ ಎರಡೂವರೆ ಸೆಂಟ್ಸ್. 1 ಸೆಂಟ್ 435.6 ಚದರಡಿ. ನಮ್ಮ 30x40 ಸೈಟು ಸುಮಾರು 2.75 ಸೆಂಟ್ಸ್.

ಕಾಗದಪತ್ರ

ಇದನ್ನು ಎರಡು ಸಲ ಓದಿ. ದಲ್ಲಾಳಿ "ಹಿಂದಿನ ಹತ್ತು ಸೆಂಟ್ಸೂ ನಿಮಗೇ" ಎಂದರೆ ಆ ಹತ್ತು ಸೆಂಟ್ಸ್ ಪಹಣಿಯಲ್ಲಿ ಇದೆಯೇ ಕೇಳಿ. ಹಲವು ಕಡೆ ಅದು ಕುಮ್ಕಿ ಜಾಗ. ವರ್ಗ ಜಮೀನಿನ (ಖಾಸಗಿ ಒಡೆತನದ ಪಟ್ಟಾ ಜಮೀನಿನ) ಅಂಚಿನಿಂದ 100 ಗಜದೊಳಗಿನ ಸರ್ಕಾರಿ ನೆಲ ಅದು. ವರ್ಗದಾರರಿಗೆ ಸೊಪ್ಪು, ಮೇವು, ಸೌದೆಯ ಸವಲತ್ತು ಉಂಟು, ಒಡೆತನ ಇಲ್ಲ. ನಮ್ಮ ಬಯಲುಸೀಮೆಯವರಿಗೆ ಈ ಹೆಸರೇ ಹೊಸದು, ಆದ್ದರಿಂದ ಸುಲಭವಾಗಿ ದುಡ್ಡು ಕಳೆದುಕೊಳ್ಳುತ್ತಾರೆ. ಡಿ.ಸಿ. ಮನ್ನಾ ಜಮೀನು ಎಂದು ತಿಳಿದರೆ ಅಲ್ಲಿಗೇ ಕೈಬಿಡಿ; ಅದು ಪರಿಶಿಷ್ಟರಿಗೆಂದು ಮೀಸಲಿಟ್ಟ ನೆಲ. ಮೂಲಗೇಣಿ (ಕಾಯಂ ಗೇಣಿ) ಎಂದಿದ್ದರೆ ಒಡೆತನದ ಹಕ್ಕು ಸಿಕ್ಕಿದೆಯೇ ಎಂದು ವಕೀಲರಿಂದ ನೋಡಿಸಿ.

ಇನ್ನೊಂದು, ಅಳಿಯಸಂತಾನ. ಇಲ್ಲಿನ ಹಲವು ಮನೆತನಗಳಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿದು ಬಂದಿದೆ. ತಂದೆ, ಗಂಡುಮಕ್ಕಳ ಸಹಿ ಸಾಕು ಎಂದುಕೊಂಡರೆ ನಾಳೆ ಅಕ್ಕತಂಗಿಯರ ಮಕ್ಕಳು ನ್ಯಾಯವಾಗಿಯೇ ಪಾಲು ಕೇಳುತ್ತಾರೆ. ವಂಶವೃಕ್ಷ ತರಿಸಿ, ಪಾಲಿರುವ ಪ್ರತಿಯೊಬ್ಬರ ಸಹಿಯೋ ಹಕ್ಕು ಬಿಡುಗಡೆ ಪತ್ರವೋ ಪಡೆಯಿರಿ. ಜಾಗದಲ್ಲಿ ನಾಗಬನ (ನಾಗನನ್ನು ಪೂಜಿಸುವ ಮರಗಳ ತಾಣ) ಇದ್ದರೆ ಆ ಕುಟುಂಬದವರು ಪೂಜೆಗೆ ಬರುತ್ತಾರೆ. ಅದನ್ನು ಗೌರವದಿಂದ ಒಪ್ಪಿಕೊಳ್ಳುವ ಮನಸ್ಸಿಲ್ಲದಿದ್ದರೆ ಆ ಜಾಗ ಕೊಳ್ಳಲೇಬೇಡಿ.

ಭರತದ ಗೆರೆಯಿಂದ (ಉಬ್ಬರದಲ್ಲಿ ಕಡಲ ನೀರು ಏರುವ ಗೆರೆಯಿಂದ) 500 ಮೀಟರ್ ಒಳಗೆ ಸಿ.ಆರ್.ಝಡ್., ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮವಿದೆ. ಉಬ್ಬರದ ನೀರು ಏರುವ ಹೊಳೆದಂಡೆಗೂ ಅದು ಅನ್ವಯಿಸುತ್ತದೆ. ಪಂಚಗಂಗಾವಳಿ ಹೊಳೆಯ ದಡದ ಮನೆ ಸಮುದ್ರದಿಂದ ದೂರ ಎಂದು ಮೈಮರೆಯಬೇಡಿ.

ದಾರಿ ಯಾರ ಜಾಗದಲ್ಲಿದೆ? ಬೇರೆಯವರದಾದರೆ ಅಗಲ ಎಷ್ಟಡಿ ಎಂಬುದು ನೋಂದಾಯಿತ ಪತ್ರದಲ್ಲಿ ಇರಲಿ. ಬಾಯಿಮಾತು ಬೇಡ.

ಋಣಭಾರ ಪತ್ರ (ಇ.ಸಿ.) 30 ವರ್ಷದ್ದು ತೆಗೆಸಿ. ಆನ್‌ಲೈನಿನಲ್ಲಿ 2004ರಿಂದೀಚಿನದು ಸಿಗುತ್ತದೆ, ಹಳೆಯದನ್ನು ಉಪನೋಂದಣಿ ಕಚೇರಿಯಲ್ಲಿ ಕೇಳಬೇಕು. ಆಸ್ತಿಯ ಖಾತೆ ಪುರಸಭೆಯಾದರೆ ಇ-ಖಾತಾ, ಪಂಚಾಯಿತಿಯಾದರೆ ಇ-ಸ್ವತ್ತು.

ಖರ್ಚು, ಪುರಸಭೆಯೊಳಗಿನ 50 ಲಕ್ಷದ ಮನೆಗೆ: ಮುದ್ರಾಂಕ ಶುಲ್ಕ 2,50,000, ಅದರ ಮೇಲೆ ಸೆಸ್ 25,000, ಸರ್ಚಾರ್ಜ್ 5,000. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ, ಅದು 1,00,000. ಒಟ್ಟು 3,80,000 ರೂಪಾಯಿ.

ಗೋಡೆ, ತಾರಸಿ

ಉಪ್ಪುಗಾಳಿಗೆ ಕಾಂಕ್ರೀಟಿನೊಳಗಿನ ಕಬ್ಬಿಣ ತುಕ್ಕು ಹಿಡಿದು ಊದುತ್ತದೆ, ಸಿಮೆಂಟು ಒಡೆದು ಬೀಳುತ್ತದೆ. ಹಳೆಯ ತಾರಸಿ ಮನೆಯಾದರೆ ಸಜ್ಜದ ಅಡಿಭಾಗ ನೋಡಿ: ಕಂದು ಕಲೆ, ಕಂಬಿಯ ಉದ್ದಕ್ಕೆ ಬಿರುಕು, ತಟ್ಟಿದರೆ ಟೊಳ್ಳು ಸದ್ದು. ಈ ಮೂರರಲ್ಲಿ ಎರಡಿದ್ದರೂ ಬಿಡಿ. ಹೊಸದಾಗಿ ಕಟ್ಟಿಸುವವರು ಊರಿನ ಮೇಸ್ತ್ರಿಯನ್ನು ಕರೆತಂದು ಎಂ20 ದರ್ಜೆಯ ಕಾಂಕ್ರೀಟ್ ಹಾಕಿಸುತ್ತಾರೆ. ಕಡಲ ಗಾಳಿಗೆ ಎಂ30, ಕಂಬಿಯ ಮೇಲೆ 45 ಮಿ.ಮೀ. ಕಾಂಕ್ರೀಟ್ ಬೇಕು. ಹೊಳೆಬಾಯಿಯ ಉಪ್ಪು ಮರಳು ಕೂಡದು. ತಾರಸಿ ಬಿಟ್ಟು ಹಂಚಿನ ಮಾಡು ಯೋಚಿಸಿ. ಇಲ್ಲಿನವರು ತಲೆಮಾರುಗಳಿಂದ ಸುಮ್ಮನೆ ಹಾಗೆ ಕಟ್ಟಿಲ್ಲ.

ಸೈಟು ಕೊಂಡ ಮರುದಿನವೇ ಸುತ್ತ ಕಾಂಪೌಂಡು ಎಬ್ಬಿಸುವ ನಮ್ಮ ಚಟ ಬಿಡಬೇಕು. ಮಳೆನೀರು ಹರಿಯುವ ತೋಡು ಮುಚ್ಚಿದರೆ ನೆರೆಮನೆಯ ಅಂಗಳ ಮುಳುಗುತ್ತದೆ. ಇಲ್ಲಿ ಬಹುಪಾಲು ಜಗಳ ಹುಟ್ಟುವುದೇ ಹೀಗೆ.

ಮಾತು

ಕುಂದಾಪ್ರ ಕನ್ನಡ ಕೇಳಿ ನಗಬೇಡಿ. ನಮ್ಮಷ್ಟೇ ಅಪ್ಪಟ ಕನ್ನಡ ಅದು. ಪರಿಚಯವಿಲ್ಲದವರನ್ನು "ಏನಯ್ಯ, ಬಾ, ಹೋಗು" ಎನ್ನುವುದು ಇಲ್ಲಿ ನಡೆಯುವುದಿಲ್ಲ. ತೆಂಗು ಇಳಿಸಲು ಬಂದವರಿಗೂ ಬನ್ನಿ, ಕೂತ್ಕೊಳ್ಳಿ ಎನ್ನಿ. ಪಕ್ಕದ ಮನೆಯ ಮೀನಿನ ವಾಸನೆ ಬಗ್ಗೆ ಒಂದು ಮಾತೂ ಬೇಡ.

ಮಳೆಗಾಲಕ್ಕೆ

ರಾಗಿ ಹಿಟ್ಟು ಒಮ್ಮೆಗೆ 2 ಕೆ.ಜಿ. ಮಾತ್ರ, ಹೆಚ್ಚಾದರೆ ಮುಗ್ಗುತ್ತದೆ. ಹುರುಳಿ, ಅವರೆಬೇಳೆ ಗಾಳಿಯಾಡದ ಡಬ್ಬಿಯಲ್ಲಿ. ಚರ್ಮದ ಚಪ್ಪಲಿ ಅಟ್ಟಕ್ಕೆ. ಗುಡುಗಿದರೆ ಟಿವಿ, ಫ್ರಿಜ್ ಪ್ಲಗ್ ತೆಗೆಯಿರಿ. ಕರೆಂಟು ಇಲ್ಲಿ ಬೆಸ್ಕಾಂ ಅಲ್ಲ, ಮೆಸ್ಕಾಂ. ಪಡಿತರ ಚೀಟಿ, ಗ್ಯಾಸ್, ಮತದಾರರ ಪಟ್ಟಿಯ ವಿಳಾಸ ಬದಲಾವಣೆ ಜೂನ್ ಒಳಗೆ ಮುಗಿಸಿ.